ಚಿಂಕ್ವೆ ತೆರ್ರೆ: ಕಲ್ಲುಗೋಡೆಗಳು ಹಿಡಿದು ನಿಲ್ಲಿಸಿದ ಕರಾವಳಿ

ಇಟಲಿಯ ವಾಯವ್ಯ ಕರಾವಳಿಯಲ್ಲಿ, ಲಿಗೂರಿಯಾ ಪ್ರದೇಶದ ಲಾ ಸ್ಪೆತ್ಸಿಯಾ ನಗರಕ್ಕೆ ಹತ್ತಿರ, ಬೆಟ್ಟ ನೇರ ಕಡಲಿಗಿಳಿಯುವ ಜಾಗದಲ್ಲಿ ಐದು ಊರುಗಳಿವೆ: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯ, ಮನರೋಲಾ, ರಿಯೊಮಜ್ಜೊರೆ. ಈ ಐದಕ್ಕೂ ಸೇರಿ ಚಿಂಕ್ವೆ ತೆರ್ರೆ ಎಂದು ಹೆಸರು. ಚಿಂಕ್ವೆ ಎಂದರೆ ಐದು. ತೆರ್ರಾ ಎಂದರೆ ಇಂದಿನ ಬಳಕೆಯಲ್ಲಿ ನೆಲ, ಹಳೆಯ ಬಳಕೆಯಲ್ಲಿ ಊರು. ಕೊರ್ನೀಲ್ಯಕ್ಕೆ ಮಾತ್ರ ಬಂದರಿಲ್ಲ. ಅದು ಸುಮಾರು 100 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿದೆ. ರೈಲಿಳಿದವರು 370ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು, ಇಲ್ಲವೇ ಬಸ್ಸಿಗೆ ಕಾಯಬೇಕು.

ಚಿತ್ರಗಳಲ್ಲಿ ಎದ್ದು ಕಾಣುವುದು ಬಣ್ಣಬಣ್ಣದ ಮನೆಗಳು. ಈ ಸೀಮೆಯ ನಿಜವಾದ ಗುಣ ತಿಳಿಯಬೇಕಾದರೆ ಮನೆಗಳ ಹಿಂದಿನ ಬೆಟ್ಟವನ್ನು ನೋಡಬೇಕು. ಸುಮಾರು ಸಾವಿರ ವರ್ಷಗಳ ಹಿಂದೆ ಜನ ಕಾಡು ಕಡಿದು, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದು, ಪ್ರತಿ ಮೆಟ್ಟಿಲಿಗೂ ಕಲ್ಲಿನ ತಡೆಗೋಡೆ ಕಟ್ಟಿ ದ್ರಾಕ್ಷಿ ಬೆಳೆಸತೊಡಗಿದರು. 1997ರಲ್ಲಿ ಯುನೆಸ್ಕೊ ಪಕ್ಕದ ಪೋರ್ತೊವೆನೆರೆ ಊರು ಮತ್ತು ಅದರ ಎದುರಿನ ಪುಟ್ಟ ದ್ವೀಪಗಳೊಂದಿಗೆ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮನುಷ್ಯರು ಕಟ್ಟಿದ ಈ ಭೂದೃಶ್ಯಕ್ಕಾಗಿಯೇ. 1999ರಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು.

ಈ ಗೋಡೆಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಬುಡಕ್ಕೆ ದೊಡ್ಡ ಕಲ್ಲು ಕೂರಿಸಿ, ಮೇಲಕ್ಕೆ ಹೋದಂತೆ ಗೋಡೆಯನ್ನು ಬೆಟ್ಟದ ಕಡೆಗೆ ತುಸು ವಾಲಿಸುತ್ತಾರೆ. ಒಂದು ಸಾಲಿನ ಸಂದಿಯ ಮೇಲೆ ಮುಂದಿನ ಸಾಲಿನ ಕಲ್ಲು ಬರಬೇಕು. ಅಲುಗಾಡುವ ಕಲ್ಲಿಗೆ ಚಕ್ಕೆ ಸಿಗಿಸಿ ಬಿಗಿ ಮಾಡಬೇಕು. ಬೆನ್ನಿಗೆ ಜಲ್ಲಿಯಂಥ ಸಣ್ಣ ಕಲ್ಲು ತುಂಬಿ, ಅದರಾಚೆಗೆ ಮಣ್ಣು. ಮಳೆನೀರು ಜಲ್ಲಿಗಿಳಿದು ಗೋಡೆಯ ಸಂದಿಗಳಿಂದ ಜಿನುಗಿ ಹೋಗುತ್ತದೆ. ರಿಪೇರಿಯ ಹೆಸರಲ್ಲಿ ಸಂದಿಗಳಿಗೆ ಸಿಮೆಂಟು ಮೆತ್ತಿದರೆ ನೀರಿಗೆ ದಾರಿ ತಪ್ಪುತ್ತದೆ. ನೆನೆದ ಮಣ್ಣಿನ ಭಾರಕ್ಕೆ ಗೋಡೆಯ ನಡು ಉಬ್ಬಿ, ಒಂದು ಮಳೆಗಾಲದಲ್ಲಿ ಬಾಯಿಬಿಡುತ್ತದೆ. ಪಾಳುಬಿದ್ದ ಮೆಟ್ಟಿಲುಗಳಲ್ಲೂ ಇದೇ ಗತಿ: ಹೂಳು ಜಲ್ಲಿಯನ್ನು ಮುಚ್ಚುತ್ತದೆ, ಬೇರು ಕಲ್ಲನ್ನು ಸಡಿಲಿಸುತ್ತದೆ, ಕಾಡುಹಂದಿ ಬುಡ ಕೆದಕುತ್ತದೆ. ಮೇಲಿನ ಗೋಡೆ ಕುಸಿದರೆ ಅದರ ಭಾರ ಕೆಳಗಿನದರ ಮೇಲೆ.

ಪಾಳು ಬೀಳಲು ಕಾರಣಗಳು ಹಲವು. 19ನೇ ಶತಮಾನದಲ್ಲಿ ಲಾ ಸ್ಪೆತ್ಸಿಯಾದಲ್ಲಿ ನೌಕಾಪಡೆಯ ಹಡಗುಕಟ್ಟೆ ಬಂತು, 1870ರ ದಶಕದಲ್ಲಿ ಜಿನೋವಾದಿಂದ ರೈಲೂ ಬಂತು. ದಿನಗೂಲಿ ಬಿಟ್ಟು ಬೆಟ್ಟ ಹತ್ತುವವರು ಕಡಿಮೆಯಾದರು. ಆಮೇಲೆ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಳ್ಳಿಗಳನ್ನು ಹಾಳುಮಾಡಿತು. ಸಾಲದ್ದಕ್ಕೆ, ಇಲ್ಲಿ ಕೆಲಸವೆಲ್ಲ ಕೈಯಲ್ಲೇ. ಕಡಲಗಾಳಿಗೆ ಹೆದರಿ ಚಪ್ಪರವನ್ನು ಎಷ್ಟು ಗಿಡ್ಡ ಕಟ್ಟುತ್ತಿದ್ದರೆಂದರೆ, ಅದರಡಿ ಮಂಡಿಯೂರಿಯೇ ಗೊಂಚಲು ಕೊಯ್ಯಬೇಕಿತ್ತು. ಈಗ ಹಲವೆಡೆ ಒಂಟಿ ಹಳಿಯ ಮೇಲೆ ಏರುವ ಮೋಟಾರು ಬಂಡಿ ಹಣ್ಣು ಸಾಗಿಸುತ್ತದೆ.

2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ವಿಪರೀತ ಮಳೆ ಸುರಿದು, ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಬೀದಿಗಳು ಕೆಸರು, ಕಲ್ಲುಗಳಡಿ ಹೂತುಹೋದವು, ಜೀವಗಳೂ ಹೋದವು. ಅಷ್ಟು ಮಳೆಗೆ ಗಟ್ಟಿ ಗೋಡೆಯೂ ಸೋಲಬಹುದು. ಆದರೂ ಬಿಟ್ಟ ಹೊಲಗಳನ್ನು ಮತ್ತೆ ಸಾಗುವಳಿಗೆ ತರುವುದು ಕೃಷಿಯಷ್ಟೇ ಅಲ್ಲ, ಕೆಳಗಿನ ಊರಿನ ಸುರಕ್ಷತೆಯ ಕೆಲಸವೂ ಹೌದು ಎಂಬ ಮಾತಿಗೆ ಆಗಿನಿಂದ ತೂಕ ಹೆಚ್ಚಿದೆ.

ಈ ದ್ರಾಕ್ಷಿಯಿಂದ ಮಾಡುವ ಹೆಸರಾಂತ ಸಿಹಿ ವೈನ್ ಶಕ್ಕೆತ್ರಾ. ಬೊಸ್ಕೊ ತಳಿಯ ಬಿಳಿದ್ರಾಕ್ಷಿಯೇ ಇದರಲ್ಲಿ ಹೆಚ್ಚು, ಜೊತೆಗೆ ಅಲ್ಬರೋಲಾ ಮತ್ತು ವೆರ್ಮೆಂತೀನೊ. ಶರತ್ಕಾಲದಲ್ಲಿ ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಬಾಡಿಸುತ್ತಾರೆ. ಒತ್ತೊತ್ತಾಗಿ ಹರಡಿದರೆ ಬೂಷ್ಟು ಹಿಡಿಯುತ್ತದೆ. ಕೊಳೆತ ಕಾಳನ್ನು ಆಗಾಗ ಆರಿಸಿ ತೆಗೆಯಬೇಕು. ನೀರಿನಂಶ ಹೋಗಿ ಸಕ್ಕರೆ ಸಾಂದ್ರವಾಗುವುದರಿಂದ ಸಿಗುವ ರಸ ಬಹಳ ಕಡಿಮೆ, ಅದಕ್ಕೇ ಬೆಲೆ ಹೆಚ್ಚು.

ನೋಡಲು ಹೋಗುವವರು ಲಾ ಸ್ಪೆತ್ಸಿಯಾದಲ್ಲಿ ತಂಗಿ ರೈಲಿನಲ್ಲಿ ಓಡಾಡುವುದು ಸುಲಭ. ಊರಿಂದೂರಿಗೆ ಕೆಲವೇ ನಿಮಿಷ. ಮೊಂತೆರೊಸ್ಸೊ–ವೆರ್ನಾತ್ಸಾ–ಕೊರ್ನೀಲ್ಯ ಕಾಲುದಾರಿಗೆ ಉದ್ಯಾನದ ಕಾರ್ಡ್ ಬೇಕು, ಹಿಡಿತವಿರುವ ಶೂ ಬೇಕು. ಚಪ್ಪಲಿಯಲ್ಲಿ ನಡೆದರೆ ದಂಡ ಬೀಳಬಹುದು. ಹವಾಮಾನ ಎಚ್ಚರಿಕೆ ಇದ್ದ ದಿನ ದಾರಿಗಳನ್ನೇ ಮುಚ್ಚುತ್ತಾರೆ. ರಿಯೊಮಜ್ಜೊರೆ–ಮನರೋಲಾ ನಡುವಿನ ಪ್ರಸಿದ್ಧ 'ಪ್ರೇಮದ ಹಾದಿ' 2012ರ ಬಂಡೆ ಕುಸಿತದ ನಂತರ ಪೂರ್ತಿಯಾಗಿ ತೆರೆದದ್ದು 2024ರಲ್ಲಿ.