ವೃಷಣದ ಗಡ್ಡೆಯನ್ನು ಸ್ಲೈಡಿನಲ್ಲಿ ಗುರುತಿಸುವುದು ಹೇಗೆ?

ವೃಷಣದ ಗಡ್ಡೆ ಕ್ಯಾನ್ಸರ್ ಇರಬಹುದು ಅನ್ನಿಸಿದರೆ ಸಾಮಾನ್ಯವಾಗಿ ಸೂಜಿ ಚುಚ್ಚಿ ಚೂರು ತೆಗೆಯುವುದಿಲ್ಲ. ಕೋಶಗಳು ಚರ್ಮದ ಕಡೆಗೆ ಹರಡಿಬಿಡಬಹುದೆಂಬ ಭಯ. ತೊಡೆಸಂದಿಯ ಹತ್ತಿರ ಕೊಯ್ದು ಇಡೀ ವೃಷಣವನ್ನೇ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಆಗ ಅದರ ತೆಳು ಚೂರನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್ ಹುಡುಕಬೇಕಾದದ್ದು ಎರಡು: ಇದು ಯಾವ ಬಗೆಯದು, ಇದರ ಜೊತೆ ಇನ್ನೇನು ಸೇರಿಕೊಂಡಿದೆ? ಎರಡನೆಯದೇ ಕಷ್ಟ.

ವೃಷಣದ ಗಡ್ಡೆಗಳಲ್ಲಿ ಸುಮಾರು 95% ಜರ್ಮ್ ಕೋಶದವು, ಅಂದರೆ ವೀರ್ಯಾಣುವಿಗೆ ಮೂಲವಾದ ಕೋಶಗಳಿಂದ ಹುಟ್ಟಿದವು. ಜಾಸ್ತಿ ಸಿಗುವುದು ಸೆಮಿನೋಮ. ಸ್ಲೈಡಿನಲ್ಲಿ ಇದು ಅಚ್ಚುಕಟ್ಟು. ದೊಡ್ಡ ಕೋಶಗಳು, ಗೆರೆ ಎಳೆದಂಥ ಅಂಚು, ನಡುವೆ ನ್ಯೂಕ್ಲಿಯಸ್, ಅದರೊಳಗೆ ಎದ್ದು ಕಾಣುವ ಚುಕ್ಕೆ. ನ್ಯೂಕ್ಲಿಯಸ್ಸಿನ ಸುತ್ತ ಖಾಲಿ ಜಾಗ. ಅದು ನಿಜವಾಗಿ ಖಾಲಿಯಲ್ಲ. ಅಲ್ಲಿದ್ದ ಗ್ಲೈಕೋಜನ್ ಸ್ಲೈಡ್ ತಯಾರಿಸುವಾಗ ಕರಗಿ ಹೋಗಿರುತ್ತದೆ ಅಷ್ಟೇ. ಕೋಶಗಳ ಗುಂಪುಗಳ ನಡುವೆ ತೆಳು ನಾರಿನ ಗೋಡೆ, ಆ ಗೋಡೆಯ ತುಂಬ ಲಿಂಫೋಸೈಟ್‌ಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ದೇಹದ ಕಾವಲು ಪಡೆ ಅಲ್ಲಿಗೆ ಬಂದಾಗಿದೆ, ಆದರೂ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ಜರ್ಮ್ ಕೋಶದ ಇನ್ನೊಂದು ಗಡ್ಡೆಯಾದ ಎಂಬ್ರಿಯೋನಲ್ ಕಾರ್ಸಿನೋಮದಲ್ಲಿ ಈ ಶಿಸ್ತೆಲ್ಲ ಇಲ್ಲ. ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಏರಿರುತ್ತವೆ, ಒಂದು ಕೋಶ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಅನುಮಾನ ಉಳಿದರೆ ಪ್ರೋಟೀನ್‌ಗೆ ಅಂಟುವ ಬಣ್ಣಗಳಿವೆ. ಓಸಿಟಿ4 ಎಂಬ ಪ್ರೋಟೀನ್ ಈ ಎರಡೂ ಗಡ್ಡೆಗಳಲ್ಲಿ ಬಣ್ಣ ಹಿಡಿಯುತ್ತದೆ. ಸಿಡಿ30 ಸಾಮಾನ್ಯವಾಗಿ ಎಂಬ್ರಿಯೋನಲ್‌ನಲ್ಲಿ, ಸಿಡಿ117 ಸೆಮಿನೋಮದಲ್ಲಿ.

ಜರ್ಮ್ ಕೋಶದ್ದೇ ಮತ್ತೊಂದು ಬಗೆಯಾದ ಟೆರಟೋಮ ಮಾತ್ರ ವಿಚಿತ್ರ. ಒಂದೇ ಸ್ಲೈಡಿನಲ್ಲಿ ಮೃದ್ವಸ್ಥಿ, ಚರ್ಮ, ಕರುಳಿನಂಥ ಗ್ರಂಥಿ! ನೋಡಲು ಎಲ್ಲ ಸಾಧು. ಆದರೆ ಪ್ರೌಢರಾದ ಗಂಡಸರಲ್ಲಿ ಇದು ಬೇರೆಡೆಗೆ ಹರಡಬಲ್ಲದು, ಪುಟ್ಟ ಮಕ್ಕಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಸ್ಲೈಡ್ ಓದುವವರಿಗೆ ರೋಗಿಯ ವಯಸ್ಸು ಗೊತ್ತಿರಲೇಬೇಕು. ಅರವತ್ತು ದಾಟಿದವರಾದರೆ ಲಿಂಫೋಮ, ಅಂದರೆ ಲಿಂಫೋಸೈಟ್‌ಗಳದ್ದೇ ಕ್ಯಾನ್ಸರ್, ಮೊದಲು ನೆನಪಾಗಬೇಕು.

ಒಂದೇ ಗಡ್ಡೆಯಲ್ಲಿ ಎರಡು ಮೂರು ಬಗೆ ಬೆರೆತಿರುವುದು ಅಪರೂಪವಲ್ಲ. ಅದಕ್ಕೇ ಗಡ್ಡೆಯ ಪ್ರತಿ ಸೆಂಟಿಮೀಟರಿಗೆ ಕಡೇಪಕ್ಷ ಒಂದು ತುಂಡು ತೆಗೆಯುತ್ತಾರೆ. ಬಣ್ಣ ಬೇರೆಯಾಗಿರುವ, ರಕ್ತ ಸೋರಿದ ಜಾಗವನ್ನಂತೂ ಬಿಡುವುದಿಲ್ಲ. ಕೋರಿಯೋಕಾರ್ಸಿನೋಮ ಎಂಬ ಜರ್ಮ್ ಕೋಶದ ಗಡ್ಡೆ ಅಡಗುವುದು ಅಂಥಲ್ಲೇ.

ಸ್ಲೈಡುಗಳಲ್ಲೆಲ್ಲ ಸೆಮಿನೋಮವೇ ಕಂಡು, ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ ಪ್ರೋಟೀನ್ ಸ್ಪಷ್ಟವಾಗಿ ಏರಿದ್ದರೆ? ಅಪ್ಪಟ ಸೆಮಿನೋಮ ಅದನ್ನು ತಯಾರಿಸುವುದಿಲ್ಲ. ಅದನ್ನು ತಯಾರಿಸುವ ಯೋಕ್ ಸ್ಯಾಕ್ ಗಡ್ಡೆ ಎಲ್ಲೋ ಕೂತಿರಬಹುದು ಅಂತ ಉಳಿದ ಭಾಗದಿಂದ ಮತ್ತಷ್ಟು ತುಂಡು ಕತ್ತರಿಸಿ ಹುಡುಕುತ್ತಾರೆ. ಸಿಗದೇ ಹೋದರೂ, ಏರಿಕೆಗೆ ಲಿವರ್ ತೊಂದರೆಯಂಥ ಬೇರೆ ಕಾರಣ ಇಲ್ಲದಿದ್ದರೆ, ಸೆಮಿನೋಮ ಅಲ್ಲದ ಗಡ್ಡೆಗೆ ಕೊಡುವ ಚಿಕಿತ್ಸೆಯನ್ನೇ ಕೊಡುತ್ತಾರೆ.