ಜಿಮ್ಮಿ ಕ್ಲಿಫ್ ಮಾರ್ಲಿಯ ಹಿಂದೆ ಬಂದವರಲ್ಲ

ಪ್ರಶ್ನೆ: ಜಮೈಕಾದ ರೆಗ್ಗೆ ಸಂಗೀತ ಶುರು ಮಾಡಿದ್ದು ಬಾಬ್ ಮಾರ್ಲಿ. ಜಿಮ್ಮಿ ಕ್ಲಿಫ್ ಅದೇ ದಾರಿ ಹಿಡಿದು ಹೆಸರು ಮಾಡಿದವರು, ಅಲ್ಲವೇ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಈ ಸಲ ಇಸವಿಗಳನ್ನೇ ಮುಂದಿಡುತ್ತೇನೆ.

1962. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಆರೆಂಜ್ ಸ್ಟ್ರೀಟ್‌ನಲ್ಲಿ ಲೆಸ್ಲಿ ಕಾಂಗ್ ಮನೆತನದ 'ಬೆವರ್ಲೀಸ್' ಅಂಗಡಿ. ಐಸ್‌ಕ್ರೀಮೂ ಮಾರುತ್ತಿದ್ದರು, ರೆಕಾರ್ಡೂ ಮಾರುತ್ತಿದ್ದರು. ಸೇಂಟ್ ಜೇಮ್ಸ್ ಕಡೆಯ ಹಳ್ಳಿಯಿಂದ ಬಂದಿದ್ದ ಜೇಮ್ಸ್ ಚೇಂಬರ್ಸ್ ಎಂಬ ಹುಡುಗ ಆ ಅಂಗಡಿಯ ಹೆಸರಿಟ್ಟೇ ಹಾಡು ಕಟ್ಟಿ, ಒಳಗೆ ಹೋಗಿ ಹಾಡಿ, ರೆಕಾರ್ಡ್ ಮಾಡಿಸಲು ಕಾಂಗ್ ಅವರನ್ನು ಒಪ್ಪಿಸಿದ. ಅವನೇ ಜಿಮ್ಮಿ ಕ್ಲಿಫ್. ಅವನ ಹಾಡು 'ಹರಿಕೇನ್ ಹ್ಯಾಟಿ' ಜಮೈಕಾದಲ್ಲಿ ಗೆದ್ದಿತು. ಅದೇ ವರ್ಷ ಮಾರ್ಲಿಯನ್ನು ಕಾಂಗ್ ಬಳಿಗೆ ತಲುಪಿಸಿದವರಲ್ಲಿ ಕ್ಲಿಫ್ ಒಬ್ಬರು. ಅಲ್ಲಿ ಧ್ವನಿಮುದ್ರಣವಾದ ಮಾರ್ಲಿಯ ಮೊದಲ ಹಾಡು 'ಜಡ್ಜ್ ನಾಟ್' ಓಡಲಿಲ್ಲ. ಬಾಗಿಲು ತೆರೆದವರನ್ನೇ ಹಿಂಬಾಲಕರು ಅನ್ನುವುದು ಹೇಗೆ?

ಮುಂದೆ ನೋಡಿ. 1969ರಲ್ಲಿ ಕ್ಲಿಫ್ ಅವರ 'ವಂಡರ್‌ಫುಲ್ ವರ್ಲ್ಡ್, ಬ್ಯೂಟಿಫುಲ್ ಪೀಪಲ್' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. 1972ರಲ್ಲಿ ಪೆರ್ರಿ ಹೆನ್ಜೆಲ್ ನಿರ್ದೇಶನದ 'ದ ಹಾರ್ಡರ್ ದೇ ಕಮ್' ಬಂತು. ನಾಯಕ ಕ್ಲಿಫ್, ಮುಖ್ಯ ಹಾಡುಗಳೂ ಅವರವೇ. ಜಮೈಕಾ ಕಾಣದ ಎಷ್ಟೋ ಜನರ ಕಿವಿಗೆ ರೆಗ್ಗೆ ಮೊದಲು ಬಿದ್ದದ್ದು ಆ ಚಿತ್ರದ ಧ್ವನಿಮುದ್ರಿಕೆಯಿಂದ. ಮಾರ್ಲಿ ಮತ್ತು ಅವರ ತಂಡ ವೇಲರ್ಸ್ ಜಗತ್ತಿಗೆ ಪರಿಚಯವಾದ ಆಲ್ಬಮ್ 'ಕ್ಯಾಚ್ ಎ ಫೈರ್' ಬಂದದ್ದು 1973ರಲ್ಲಿ.

ಹಾಗಾದರೆ ಈ ತಪ್ಪು ಕಲ್ಪನೆ ಎಲ್ಲಿಂದ? ಐಲ್ಯಾಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್ ಚಿತ್ರದ ಬೆನ್ನಿಗೆ ಕ್ಲಿಫ್ ಅವರನ್ನು ದೊಡ್ಡ ತಾರೆ ಮಾಡಲು ಹೊರಟಿದ್ದರು. ಅಷ್ಟರಲ್ಲಿ ಕ್ಲಿಫ್ ಕಂಪನಿ ಬಿಟ್ಟರು. ಆಗಲೇ ಬಾಗಿಲಿಗೆ ಬಂದ ವೇಲರ್ಸ್‌ಗೆ ಬ್ಲ್ಯಾಕ್‌ವೆಲ್ 4,000 ಪೌಂಡ್ ಮುಂಗಡ ಕೊಟ್ಟರು. ಅವರು ತಂದ ಟೇಪಿಗೆ ಲಂಡನ್ನಿನಲ್ಲಿ ರಾಕ್ ಗಿಟಾರ್ ಸೇರಿಸಿ ಬಿಡುಗಡೆ ಮಾಡಿದರು. ಮಾರ್ಲಿ ಮಹಾನ್ ಗೀತಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹಿಂದೆ ನಿಂತ ಪ್ರಚಾರ ಕ್ಲಿಫ್ ಅವರಿಗೆಂದು ಸಿದ್ಧವಾಗಿದ್ದದ್ದು. ರೆಗ್ಗೆಯಂತೂ ಒಬ್ಬರ ಸೃಷ್ಟಿಯಲ್ಲ: ಮೊದಲು ವೇಗದ ಸ್ಕಾ ಸಂಗೀತ, ಅದು ನಿಧಾನಿಸಿ ರಾಕ್‌ಸ್ಟೆಡಿ, 1968ರ ಸುಮಾರಿಗೆ ರೆಗ್ಗೆ. ಆ ಹೆಸರನ್ನು ಮೊದಲು ಹಾಡಿಗೆ ತಂದದ್ದು ಟೂಟ್ಸ್ ಅಂಡ್ ದ ಮೇಟಲ್ಸ್ ತಂಡ.

ಮಾತು ಬಂತಲ್ಲ, ಈ ಮೂರನ್ನು ಕಿವಿಯಲ್ಲೇ ಬೇರೆ ಮಾಡುವುದು ಹೇಗೆಂದೂ ಹೇಳಿಬಿಡುತ್ತೇನೆ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಸತ್ತೇಹೋಗುತ್ತದೆ, ಹೆಡ್‌ಫೋನ್ ಹಾಕಿ. ಗಿಟಾರಿನ ಚುಟುಕು ಕಡಿತ 2 ಮತ್ತು 4ಕ್ಕೆ ಬರುವಂತೆ ನಾಲ್ಕೆಣಿಸಿ. ರೆಗ್ಗೆಯ 'ವನ್ ಡ್ರಾಪ್' ನಡೆಯಲ್ಲಿ 1 ಖಾಲಿ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಬೀಳುವುದು 3ರಲ್ಲಿ. ನಮ್ಮ ಕಿವಿ ಸಮಕ್ಕೆ, ಅಂದರೆ 1ಕ್ಕೆ, ಪೆಟ್ಟು ಕಾಯುತ್ತದೆ. ಅಲ್ಲಿ ಏನೂ ಇಲ್ಲದಾಗ ಲೆಕ್ಕ ಜಾರಿ 3ನ್ನೇ 1 ಅಂದುಕೊಳ್ಳುತ್ತೇವೆ. ಜಾರಿದರೆ ಡ್ರಮ್ ಬಿಟ್ಟು ಬೇಸ್ ಗಿಟಾರನ್ನು ಹಿಡಿಯಿರಿ, ಅದರ ಸಾಲು ಎಲ್ಲಿ ಮರಳಿ ಶುರುವಾಗುತ್ತದೋ ಅಲ್ಲಿಂದ ಮತ್ತೆ ಎಣಿಸಿ. ವನ್ ಡ್ರಾಪ್ ಪಾಠಕ್ಕೆ ಎಪ್ಪತ್ತರ ದಶಕದ ಮಾರ್ಲಿ ಹಾಡುಗಳೇ ಸರಿ. ವೇಗ ಇಳಿದದ್ದು ತಿಳಿಯಬೇಕಾದರೆ ಮೊದಲು ಸ್ಕಾ ನಡೆಯ 'ಹರಿಕೇನ್ ಹ್ಯಾಟಿ', ಅದರ ಬೆನ್ನಿಗೇ 'ದ ಹಾರ್ಡರ್ ದೇ ಕಮ್' ಶೀರ್ಷಿಕೆ ಗೀತೆ ಹಾಕಿ ಕೇಳಿ.