ನೇಗಿಲು ಗೀಚಿದ ಕಾಗದ

ಟ್ರಂಕಿನ ಮುಚ್ಚಳ ತೆಗೆಯುವ ಮೊದಲೇ ಬಂದವರು ಹೇಳಿಬಿಡುತ್ತಾರೆ: "ಪೇಶ್ವೆ ಕಾಲದ ಸನದು ಅದರೀ ಸರ. ಇಡೀ ಊರು ನಮ್ಮದಿತ್ತಂತ."

ಧಾರವಾಡ ಸೀಮೆಯಲ್ಲಿ ಹಳೆಯ ಮೋಡಿ ಕಾಗದ, ಅಂದರೆ ಮರಾಠಿಯ ಹಳೇ ಕೈಬರಹದ ಲಿಪಿಯ ಕಾಗದ, ಓದಿಕೊಡುವುದು ನನ್ನ ಕೆಲಸ. ಇಂಥ ಟ್ರಂಕುಗಳಲ್ಲಿ ನಿಜವಾದ ಸನದು, ಅಂದರೆ ಸರಕಾರ ಕೊಟ್ಟ ಹಕ್ಕುಪತ್ರ, ಸಿಕ್ಕಿದ್ದು ಬೆರಳೆಣಿಕೆಯಷ್ಟು. ಸಿಗುವುದೆಲ್ಲ ಸಾಲಪತ್ರ, ಅಡವುಪತ್ರ, ಕಂದಾಯ ಕಟ್ಟಿದ ಪಾವತಿ. ಬಂದವರ ಮುಖ ಸಣ್ಣದಾಗುತ್ತದೆ. ನನಗೇನೋ ಸನದಿಗಿಂತ ಸಾಲಪತ್ರವೇ ಇಷ್ಟ. ಸನದು ಸರಕಾರದ ಮಾತು, ಸಾಲಪತ್ರ ಮನೆಯವರದು.

ಹೋದ ಚಳಿಗಾಲದಲ್ಲಿ ಒಬ್ಬ ರೈತರು ತಂದ ಅಡವುಪತ್ರದ ಕೊನೆಯಲ್ಲಿ, ಹೆಸರಿನ ಪಕ್ಕ, ಬೆರಳಗಲದ ಒಂದು ಚಿತ್ರವಿತ್ತು. ಮನೆಯ ಹುಡುಗರು ಯಾರೋ ಗೀಚಿದ್ದಾರೆ ಅಂತ ಅವರ ತಿಳುವಳಿಕೆ. ಪಕ್ಕದಲ್ಲಿದ್ದ ಮೋಡಿ ಅಕ್ಷರ ಓದಿದೆ: "ನಿಶಾಣಿ ನಾಂಗರ". ಅಂದರೆ ನೇಗಿಲ ಗುರುತು. ಅಕ್ಷರ ಬಾರದ ಒಕ್ಕಲಿಗರಿಗೆ ಹೆಬ್ಬೆಟ್ಟಿಗೂ ಮುಂಚೆ ಇದೇ ಸಹಿ. ಹೆಣ್ಣುಮಕ್ಕಳಾದರೆ ಬಳೆ. ಎಷ್ಟೋ ಕಡೆ ಪತ್ರ ಬರೆಯುವವನೇ ಗುರುತನ್ನೂ ಹಾಕಿ ಮುಗಿಸಿರುತ್ತಾನೆ. ಇಲ್ಲಿ ಹಾಗಿರಲಿಲ್ಲ. ಮೇಲಿನ ಬರಹ ಸರಾಗವಾಗಿ ಹರಿದಿದೆ, ನೇಗಿಲ ಗೆರೆ ನಡುಗಿದೆ, ಮೇಣಿಯ ಹತ್ತಿರ ಮಸಿ ಹನಿ ಬಿದ್ದಿದೆ. ಲೇಖಣಿ ಹಿಡಿದು ಗೊತ್ತಿಲ್ಲದ ಕೈ.

ಅಸಲೋ ನಕಲೋ ಎಂದು ನೋಡುವುದೂ ಹೀಗೆಯೇ. ಸಾಕ್ಷಿಗಳ ಸಹಿಗಳೆಲ್ಲ ಮೇಲಿನ ಬರಹದ ಕೈಯಲ್ಲೇ ಇದ್ದರೆ ಅದು ಬಹುಪಾಲು ನಕಲು ಪ್ರತಿ. ಆಮೇಲೆ ಕಾಗದವನ್ನು ಕಿಟಕಿಗೆ ಹಿಡಿಯಿರಿ, ನೀರಚ್ಚು ಕಾಣಬಹುದು. ಸ್ಟ್ಯಾಂಪ್ ಕಾಗದವಾದರೆ ಹಿಂಬದಿ ನೋಡದೆ ಬಿಡಬೇಡಿ. ಯಾರಿಗೆ, ಯಾವ ತಾರೀಖಿಗೆ ಮಾರಿದೆ ಎಂದು ಸ್ಟ್ಯಾಂಪ್ ಮಾರುವವನು ಬರೆದಿರುತ್ತಾನೆ. ಮುಂಬದಿಯ ಬರಹ ಅಳಿಸಿಹೋದರೂ ಹಿಂಬದಿಯ ಈ ಎರಡು ಸಾಲು ಎಷ್ಟೋ ಸಲ ಉಳಿದಿರುತ್ತದೆ.

ಪೂರ್ತಿ ಕಾಗದ ನೋಡುವುದರ ಬೆಲೆ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಒಬ್ಬರು ವಾಟ್ಸಾಪಿನಲ್ಲಿ ಬರಹದಷ್ಟನ್ನೇ ಫೋಟೋ ತೆಗೆದು ಕಳಿಸಿದ್ದರು. ಶಕ ಇಲ್ಲ, "ಕೀಲಕ ಸಂವತ್ಸರ" ಎಂದಷ್ಟೇ ಇತ್ತು. ಅಕ್ಷರದ ಹಳೇ ಮಾಟ ನೋಡಿ 1848 ಎಂದು ಹೇಳಿಬಿಟ್ಟೆ. ತಿಂಗಳ ನಂತರ ಅಸಲು ಕೈಗೆ ಬಂತು. ಫೋಟೋದಲ್ಲಿ ಕತ್ತರಿಸಿಹೋಗಿದ್ದ ಮೇಲಂಚಿನಲ್ಲಿ ಏಳನೇ ಎಡ್ವರ್ಡ್ ದೊರೆಯ ತಲೆ! ಆತ ಆಳಿದ್ದು 1901ರಿಂದ 1910. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ, ಹಾಗಾಗಿ ಅದು 1908ರ ಕೀಲಕ. ಮುತ್ತಜ್ಜನದೆಂದು ನಾನು ಹೇಳಿದ್ದ ಕಾಗದ ಅಜ್ಜನದಾಗಿತ್ತು. ಕಂದಾಯ ಲೆಕ್ಕದ ಫಸಲಿ ವರ್ಷವಿದ್ದರೆ 590 ಕೂಡಿಸಿ, ಜನವರಿ ಶುರುವಾಗಿದ್ದರೆ 591, ಇಸವಿ ಸಿಗುತ್ತದೆ. ಪೇಶ್ವೆ ಕಾಲದ ಕಾಗದಗಳಲ್ಲಿ ಬರುವ ಸುಹೂರ ಸನ್ ಎಂಬ ವರ್ಷದೆಣಿಕೆಗೆ 599, ಜನವರಿ ಶುರುವಾಗಿದ್ದರೆ 600. ಇವೆರಡನ್ನು ಅದಲು ಬದಲು ಮಾಡಿದರೆ ಒಂಬತ್ತು ವರ್ಷ ಆಚೀಚೆ.

ಮನೆಯಲ್ಲಿ ಒಂದೂ ಚೂರಿಲ್ಲದವರು ಅಜ್ಜನ ಹೆಸರು ಹಿಡಿದು ಕಚೇರಿ ಅಲೆಯುತ್ತಾರೆ. ಒಂದೊಂದು ಓಣಿಗೆ ಮೂರು ಮೂರು ಬಸಪ್ಪಂದಿರು ಇದ್ದ ಊರಲ್ಲಿ ಹೆಸರು ಏನು ಮಾಡೀತು? ಹೊಲ ಹಿಡಿಯಿರಿ. 1840ರ ದಶಕದಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಂಗೇಟ್ ಸಾಹೇಬನ ಮೋಜಣಿ ಈ ಕಡೆ ಆದ ಮೇಲೆ ಹೊಲಕ್ಕೆ ಸರ್ವೆ ನಂಬರ್ ಬಂತು. ಅದಕ್ಕೂ ಹಿಂದಿನ ಕಾಗದದಲ್ಲಿ ಹೊಲದ ಹೆಸರು, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ನೋಡಬೇಕು. ನೋಂದಣಿಯಾದ ಪತ್ರವಾಗಿದ್ದರೆ ಅಸಲು ಕಳೆದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ ಪ್ರತಿ ಇರಬೇಕು. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. ಎರಡನೆಯದನ್ನೇ ಕೇಳಿ. ಫೀ ಕಟ್ಟಿದರೆ ಈ ಪುಸ್ತಕ ಯಾರು ಬೇಕಾದರೂ ನೋಡಬಹುದು, ಮೃತ್ಯುಪತ್ರದ ಪುಸ್ತಕ ಹಾಗಲ್ಲ. ಪೇಶ್ವೆ ಆಳ್ವಿಕೆ ಮುಗಿದ 1818ಕ್ಕೂ ಹಿಂದಿನದಾದರೆ ದಾರಿ ಪುಣೆಗೆ, ಪೇಶ್ವೆ ದಫ್ತರು ಎಂಬ ಕಡತಸಂಗ್ರಹದ ರುಮಾಲುಗಳಿಗೆ, ಅಂದರೆ ಬಟ್ಟೆ ಸುತ್ತಿದ ಕಾಗದದ ಕಟ್ಟುಗಳಿಗೆ. ರಾಯಚೂರು, ಕಲಬುರಗಿ ಕಡೆಯವರಿಗೆ ನನ್ನಿಂದ ಪ್ರಯೋಜನವಿಲ್ಲ. ನಿಜಾಮರ ಕಾಗದಕ್ಕೆ ಪರ್ಷಿಯನ್, ಉರ್ದು ಬಲ್ಲವರು ಬೇಕು.

ಸಿಕ್ಕಿದ್ದನ್ನು ಲ್ಯಾಮಿನೇಶನ್ ಮಾಡಿಸುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ಅದು ಬಿಸಿಯಲ್ಲಿ ಅಂಟಿದರೆ ಬಿಡಿಸಲು ಬರುವುದಿಲ್ಲ. ಮೂವತ್ತು ವರ್ಷ ದಾಟಿದ ಪತ್ರ ಇರಬೇಕಾದವರ ಕೈಯಿಂದಲೇ ಬಂದರೆ ಸಹಿ ಅಸಲಿ ಎಂದು ಕೋರ್ಟು ಭಾವಿಸಬಹುದು. ಆದರೆ ತಕರಾರು ಬಂದು ಪರೀಕ್ಷೆಗೆ ಕಳಿಸಿದರೆ ಪ್ಲಾಸ್ಟಿಕ್ಕಿನೊಳಗಿನ ಮಸಿ, ಕಾಗದ ನೋಡುವುದು ಹೇಗೆ? ಒದ್ದೆ ಬಟ್ಟೆಯಲ್ಲಿ ಒರೆಸುವುದಂತೂ ಬೇಡವೇ ಬೇಡ. ಕಾಡಿಗೆ ಮಸಿ ನೀರು ತಾಗಿದರೆ ಕರಗುತ್ತದೆ. ಮೃದು ಕುಂಚದಿಂದ ದೂಳು ಕೊಡವಿ, ಮಡಿಕೆಯನ್ನು ನಿಧಾನ ಬಿಡಿಸಿ, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.

ನೇಗಿಲಿನ ರೈತರು ಮರುದಿನ ಫೋನ್ ಮಾಡಿದ್ದರು. ಅತ್ತೆಯ ಮನೆಯ ಗೂಡಿನೊಳಗೆ ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ ಕಾಗದದಲ್ಲೂ ಅಂಥದೇ ನೇಗಿಲಿದೆಯಂತೆ. "ತೆಗೀಲೇನ್ರಿ?"

"ಕೈ ಹಚ್ಚಬ್ಯಾಡ್ರಿ," ಅಂದೆ, "ನಾನs ಬರ್ತೀನಿ."